ಅಪ್‌ಡೇಟ್: ಉಪ್ಪಿನ ಕೆಳಗಿನ ಚುಕ್ಕಿಗಳು ಕೊನೆಗೂ ಕಂಡವು

ಎಲ್ಲರಿಗೂ ನಮಸ್ಕಾರ. ಸಿಗ್ಸ್‌ಬೀ 2ಎ ಮಾದರಿಯಲ್ಲಿ ನೆಲದಾಳದ ಉಪ್ಪಿನ ಗಡ್ಡೆಯ ಕೆಳಗೆಲ್ಲ ಚಿತ್ರ ಮಸುಕಾಗಿ ಬರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಮೆಕ್ಸಿಕೋ ಕೊಲ್ಲಿಯ ಆಳ ಸಮುದ್ರದ ನೆಲವನ್ನು ಹೋಲುವ ಕೃತಕ ಸೈಸ್ಮಿಕ್ ಡೇಟಾ (ನೆಲದೊಳಗೆ ಕಳಿಸಿದ ಧ್ವನಿ ಅಲೆಗಳ ಪ್ರತಿಧ್ವನಿಯ ದಾಖಲೆ) ಅದು. ಕಲಿಯಲೆಂದೇ ಅದರ ನಿಜವಾದ ವೇಗದ ನಕ್ಷೆ (ಎಲ್ಲೆಲ್ಲಿ ಅಲೆ ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದು) ಬದಿಗಿಟ್ಟು, ನನ್ನದೇ ಒಂದನ್ನು ಕಟ್ಟಿಕೊಂಡಿದ್ದೆ.

"ಮೊದಲು ಉಪ್ಪಿನ ತಳ ಸರಿಯಿದೆಯಾ ನೋಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ತಪ್ಪು ಅಲ್ಲೇ ಇತ್ತು. ಉಪ್ಪಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 4,500 ಮೀಟರ್ ಓಡುತ್ತದೆ. ಸುತ್ತಲಿನ ಮರಳು, ಜೇಡಿಯ ಪದರಗಳಲ್ಲಿ ಅದಕ್ಕಿಂತ ಬಹಳ ನಿಧಾನ. ಗಡಿ ಸ್ವಲ್ಪ ತಪ್ಪಿದರೂ ಅಲೆ ಬೇರೆಲ್ಲೋ ಬಾಗುತ್ತದೆ, ಅಲ್ವಾ?

ಈ ಸಲ ಉಪ್ಪಿನ ಮೇಲ್ಮೈಯನ್ನು ಮಾತ್ರ ಗುರುತಿಸಿ, ಕೆಳಗೆ ಪೂರ್ತಿ ಉಪ್ಪಿನ ವೇಗವನ್ನೇ ತುಂಬಿದೆ. ಮತ್ತೆ ಚಿತ್ರ ತೆಗೆದಾಗ ತಳ ಎದ್ದು ಕಂಡಿತು. ತಳ ಎಳೆದ ಮೇಲೆ, ಅದರ ಕೆಳಗೆ ಪದರಗಳ ವೇಗ ವಾಪಸ್ ಹಾಕಿದೆ. ಚಿತ್ರ ಕಟ್ಟಲು, ಅಲೆಯನ್ನು ಕಿರಣಗಳಂತೆ ಲೆಕ್ಕಹಾಕುವ ಕಿರ್ಕಾಫ್ ವಿಧಾನ ಬಿಟ್ಟು, ದಾಖಲಾದ ಅಲೆಯನ್ನೇ ಕಾಲದಲ್ಲಿ ಹಿಂದಕ್ಕೆ ಓಡಿಸುವ ರಿವರ್ಸ್ ಟೈಮ್ ಮೈಗ್ರೇಶನ್ ಹಿಡಿದೆ. ಸಮಯ ಜಾಸ್ತಿ ಹಿಡಿಯಿತು. ಆದರೆ ಪರೀಕ್ಷೆಗಾಗಿ ಮಾದರಿಯಲ್ಲಿಟ್ಟಿರುವ ಚುಕ್ಕಿಗಳ ಸಾಲು, ಮೊದಲು ಮೀಸೆಯಂತೆ ಹರಡಿದ್ದದ್ದು, ಈಗ ನಿಜಕ್ಕೂ ಚುಕ್ಕಿಗಳಾಗಿವೆ. ನೋಡಿ ಖುಷಿಯಿಂದ ಕೂಗಿಬಿಟ್ಟೆ!

ಕಡಿದಾದ ಅಂಚಿನ ಕೆಳಗಿನ ನೆರಳು ಮಾತ್ರ ಹಾಗೇ ಇದೆ. ಅಲ್ಲಿಗೆ ಅಲೆಯೇ ಸರಿಯಾಗಿ ತಲುಪುತ್ತಿಲ್ಲ. ಮುಂದೆ ಕಡಿಮೆ ಆವರ್ತನದಿಂದ ಶುರುಮಾಡಿ ಫುಲ್ ವೇವ್‌ಫಾರ್ಮ್ ಇನ್ವರ್ಶನ್‌ನಿಂದ (ಲೆಕ್ಕಹಾಕಿದ ಅಲೆ ದಾಖಲಾದ ಅಲೆಗೆ ಹೊಂದುವಂತೆ ತಿದ್ದುತ್ತಾ ಹೋಗುವ ವಿಧಾನ) ವೇಗದ ನಕ್ಷೆಯನ್ನು ಇನ್ನಷ್ಟು ತಿದ್ದುತ್ತೇನೆ. ಅದೇ ಮೆಕ್ಸಿಕೋ ಕೊಲ್ಲಿಯ ಅಟ್ಲಾಂಟಿಸ್ ತೈಲಕ್ಷೇತ್ರದಲ್ಲಿ ಈ ವಿಧಾನದಿಂದ 20 ಕೋಟಿ ಬ್ಯಾರೆಲ್ ಹೆಚ್ಚುವರಿ ಎಣ್ಣೆ ಗುರುತಿಸಿದ್ದಾಗಿ 2017ರಲ್ಲಿ ತೈಲ ಕಂಪನಿ ಬಿಪಿ ಹೇಳಿತ್ತು.