ಮನೆಯ ವೈಫೈಯನ್ನು ಆಲೆಮನೆಯವರೆಗೆ ಒಯ್ಯುವುದು ಹೇಗೆ?

ಪ್ರಶ್ನೆ (ಪಾಂಡವಪುರ ತಾಲ್ಲೂಕಿನ ಬೆಳೆಗಾರ)
ನಮ್ಮ ಮನೆಗೆ ಫೈಬರ್ ಇಂಟರ್‌ನೆಟ್ ಸಂಪರ್ಕವಿದೆ. ಮನೆಯಿಂದ ಸುಮಾರು 120 ಮೀಟರ್ ದೂರದಲ್ಲಿ, ಕಬ್ಬಿನ ಗದ್ದೆಯ ಆಚೆಗೆ, ತಗಡಿನ ಚಾವಣಿಯ ಆಲೆಮನೆ ಇದೆ. ಅಲ್ಲಿ ಎರಡು ಸಿಸಿಟಿವಿ ಕ್ಯಾಮೆರಾ ಹಾಕಿಸಬೇಕಾಗಿದೆ. ಬೆಲ್ಲ ಕೊಳ್ಳಲು ಬಂದವರು ಮೊಬೈಲಿನಿಂದ ಹಣ ಕಳಿಸಲು ಹೋದರೆ ಸಿಗ್ನಲ್ ಕೈಕೊಡುವುದರಿಂದ ವೈಫೈ ಕೂಡ ಬೇಕು. ಜಗುಲಿಯಲ್ಲಿ ರಿಪೀಟರ್ (ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ಕಳಿಸುವ ಉಪಕರಣ) ಇಟ್ಟಾಗ, ಕಟಾವಾದ ಹೊಸತರಲ್ಲಿ ಆಲೆಮನೆಯ ಬಾಗಿಲವರೆಗೆ ಸಿಗ್ನಲ್ ಬರುತ್ತಿತ್ತು. ಪೈರು ಆಳೆತ್ತರವಾದ ಮೇಲೆ ನಿಂತೇಹೋಯಿತು. ಆಲೆಮನೆಗೆ ಪ್ರತ್ಯೇಕ ವಿದ್ಯುತ್ ಮೀಟರ್ ಇದೆ. ಕೇಬಲ್ ಎಳೆಯುವುದು ಸರಿಯೇ, ಬೇರೆ ದಾರಿ ಇದೆಯೇ?

ಉತ್ತರ 1 (ಮಂಡ್ಯದ ನೆಟ್‌ವರ್ಕ್ ಕೆಲಸಗಾರ)
ರಿಪೀಟರನ್ನು ಕೈಬಿಡಿ. ಅದು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಕಳಿಸುವ ಬಗೆಯದಾದರೆ ವೇಗ ಅರ್ಧದಷ್ಟು ಅಲ್ಲಿಯೇ ಸೋರಿಹೋಗುತ್ತದೆ. ಮೇಲಾಗಿ ಕಬ್ಬಿನ ಗರಿಯಲ್ಲಿರುವ ನೀರು ಸಿಗ್ನಲನ್ನು ಹೀರಿಕೊಳ್ಳುತ್ತದೆ, ತಗಡು ಒಳಗೆ ಬಿಡುವುದಿಲ್ಲ. ವಿದ್ಯುತ್ ತಂತಿಯಲ್ಲೇ ಇಂಟರ್‌ನೆಟ್ ಹರಿಸುವ ಅಡಾಪ್ಟರುಗಳೂ ಮೀಟರ್ ಬೇರೆಯಾದ ಕಡೆ ನೆಚ್ಚುವಂಥವಲ್ಲ. ಸಾಮಾನ್ಯ ತಾಮ್ರದ ಲ್ಯಾನ್ ಕೇಬಲ್ಲಿಗೆ 100 ಮೀಟರ್ ಮಿತಿಯಿದೆ, ಅಂದರೆ ನಿಮ್ಮ ಅಂತರಕ್ಕೆ ಅದು ಸಾಲದು. ಸಾಲುವಂತಿದ್ದರೂ ನಾನು ಬೇಡವೆನ್ನುತ್ತಿದ್ದೆ, ಏಕೆಂದರೆ ಎರಡು ಕಟ್ಟಡಗಳ ಅರ್ಥಿಂಗ್ ಬೇರೆಬೇರೆಯಾಗಿರುವಾಗ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಆ ತಂತಿಯ ಮೂಲಕ ಎರಡೂ ತುದಿಯ ಉಪಕರಣಗಳು ಸುಟ್ಟುಹೋಗಬಹುದು. ನನ್ನ ಸಲಹೆ ಫೈಬರ್: ಲೋಹವಿಲ್ಲದ ಸಿಂಗಲ್ ಮೋಡ್ (ದೂರದ ಸಂಪರ್ಕಕ್ಕೆ ಬಳಸುವ ಬಗೆಯ) ಕೇಬಲ್ಲನ್ನು ಪೈಪಿನೊಳಗೆ, ಉಳುಮೆಯ ನೇಗಿಲು ತಾಗದಷ್ಟು ಆಳದಲ್ಲಿ ಹೂತು, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನೂ ಲ್ಯಾನ್ ಕೇಬಲ್ಲಿನ ಸಿಗ್ನಲನ್ನೂ ಪರಸ್ಪರ ಬದಲಿಸುವ ಪೆಟ್ಟಿಗೆ) ಹಾಕಿಸಿ. ಒಂದೇ ಎಳೆಯ ಫೈಬರಾದರೆ ಕನ್ವರ್ಟರುಗಳನ್ನು 'ಎ' ಮತ್ತು 'ಬಿ' ಜೋಡಿಯಾಗಿಯೇ ಕೊಳ್ಳಬೇಕು, ಏಕೆಂದರೆ ಒಂದು ಕಳಿಸುವ ತರಂಗಾಂತರದ ಬೆಳಕನ್ನು ಇನ್ನೊಂದು ಮಾತ್ರ ಓದಬಲ್ಲದು. ಎರಡೂ 'ಎ' ಆದರೆ ದೀಪ ಉರಿದೀತು, ಸಂಪರ್ಕ ಸಿಗದು.

ಪ್ರಶ್ನೆ ಕೇಳಿದವರು
ಉಪಯುಕ್ತ ಮಾಹಿತಿಗೆ ಧನ್ಯವಾದಗಳು. ಆದರೆ ನಡುವಿನ ಗದ್ದೆ ನಮ್ಮ ದಾಯಾದಿಗಳದು. ಅಲ್ಲಿ ಅಗೆಯುವ ಮಾತೆತ್ತಿದರೆ ಇಂಟರ್‌ನೆಟ್ಟಿಗಿಂತ ದೊಡ್ಡ ಗೋಜಲು ಹುಟ್ಟುತ್ತದೆ.

ಉತ್ತರ 2 (ಮೈಸೂರಿನ ಓದುಗ)
ಹಾಗಾದರೆ ಅಗೆಯುವ ಅಗತ್ಯವೇ ಇಲ್ಲದ ವೈರ್‌ಲೆಸ್ ಬ್ರಿಡ್ಜ್ ನಿಮಗೆ ಹೊಂದುತ್ತದೆ. ಮನೆಯ ಮೇಲೊಂದು, ಆಲೆಮನೆಯ ಹೊರಗೊಂದು, ಪರಸ್ಪರ ಮುಖ ಮಾಡಿದ 5 ಗಿಗಾಹರ್ಟ್ಸ್ ಹೊರಾಂಗಣ ಆಂಟೆನಾ ಇರಿಸಬೇಕು. ಇವು ಕಿಲೋಮೀಟರುಗಳ ದೂರಕ್ಕೆ ತಯಾರಾದವು. ನಿಮ್ಮ ಅಂತರ ಅವಕ್ಕೆ ಲೆಕ್ಕಕ್ಕಿಲ್ಲ, ಎಷ್ಟೋ ವೇಳೆ ಪವರ್ ತಗ್ಗಿಸಬೇಕಾಗುತ್ತದೆ. ಯಶಸ್ಸೆಲ್ಲ ಎತ್ತರದಲ್ಲಿದೆ. ಎರಡು ಆಂಟೆನಾಗಳ ನಡುವೆ ಗೆರೆ ಎಳೆದಂತೆ ನೋಟ ಇದ್ದರೆ ಸಾಲದು. 120 ಮೀಟರ್ ಅಂತರದ ನಟ್ಟನಡುವೆ ಆ ಗೆರೆಯ ಸುತ್ತಲೂ ಸುಮಾರು 1.25 ಮೀಟರ್ ಬಯಲು ಬೇಕು. ಆದ್ದರಿಂದ ಈಗಿನ ಪೈರನ್ನಲ್ಲ, ಕಟಾವಿಗೆ ಬಂದ ಕಬ್ಬನ್ನು ಅಳತೆಗೆ ಹಿಡಿಯಿರಿ. ಅದು 3 ಮೀಟರ್ ಮೀರುವುದು ನಿಮಗೇ ಗೊತ್ತು. ಎರಡೂ ಕಡೆ 5 ಮೀಟರಿಗೆ ಕಡಿಮೆ ಇಲ್ಲದಂತೆ ಜಿ.ಐ. ಪೈಪು ನಿಲ್ಲಿಸಿ, ಅದಕ್ಕೆ ಅರ್ಥಿಂಗ್ ಕೊಡಿಸಿ. ಬದುವಿನ ತೆಂಗಿನ ಗರಿ ಅಡ್ಡ ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಆಲೆಮನೆಯ ಹೊಗೆಗೊಳವೆಯಿಂದ ಆಂಟೆನಾ ದೂರವಿರಲಿ, ಆ ಮಸಿ ಮತ್ತು ಕಾವು ಯಾವ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ.

ಉತ್ತರ 1 (ಮಂಡ್ಯದ ನೆಟ್‌ವರ್ಕ್ ಕೆಲಸಗಾರ)
ಜಾಗದ ತೊಡಕು ಇರುವಾಗ ನಾನೂ ಇದನ್ನೇ ಒಪ್ಪುತ್ತೇನೆ. ಒಂದನ್ನು ಸೇರಿಸುತ್ತೇನೆ: ಆಲೆಮನೆಯ ಆಂಟೆನಾದಿಂದ ಕೇಬಲ್ಲನ್ನು ಒಳಗೆ ತಂದು, ಅಲ್ಲಿ ಹಳೆಯ ರೂಟರ್ ಒಂದನ್ನು ಆಕ್ಸೆಸ್ ಪಾಯಿಂಟ್ ಆಗಿ (ಅಂದರೆ ಬರೀ ವೈಫೈ ಹಂಚುವುದಕ್ಕೆ) ಬಳಸಿ. ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೇ ಸಿಕ್ಕಿಸಬೇಕು, ಅದರ ಡಿಎಚ್‌ಸಿಪಿಯನ್ನು (ಉಪಕರಣಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ನಿಲ್ಲಿಸಬೇಕು, ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಮನೆಯ ರೂಟರಿನದಕ್ಕಿಂತ ಬೇರೆಯಿರಬೇಕು. ಕ್ಯಾಮೆರಾಗಳನ್ನು ತಂತಿಯಲ್ಲೇ ಜೋಡಿಸಿ, ವೈಫೈಯನ್ನು ಗಿರಾಕಿಗಳ ಮೊಬೈಲಿಗೆ ಬಿಡಿ. ಅವರಿಗೆ ಅತಿಥಿ ಪಾಸ್‌ವರ್ಡ್ ಬೇರೆ ಇಟ್ಟರೂ, ಈ ಬಗೆಯ ಜೋಡಣೆಯಲ್ಲಿ ಕ್ಯಾಮೆರಾಗಳು ಅವರಿಗೆ ಕಾಣದಂತಿವೆಯೇ ಎಂದು ಒಮ್ಮೆ ಪರೀಕ್ಷಿಸಿ. ಕರೆಂಟ್ ಹೋದಾಗ ಎರಡೂ ತುದಿಯ ಉಪಕರಣಗಳು ನಿಲ್ಲುತ್ತವೆ, ಹಾಗಾಗಿ ಮನೆಯ ಯುಪಿಎಸ್ ಒಂದೇ ಸಾಲದು, ಆಲೆಮನೆಯಲ್ಲೂ ಒಂದು ಚಿಕ್ಕದು ಬೇಕು.