ಅಟ್ಟದಲ್ಲಿ ಸಿಕ್ಕಿದ ಬಿಎಂಎಕ್ಸ್ ಸೈಕಲ್ ಯಾವ ಕಾಲದ್ದೆಂದು ತಿಳಿಯುವುದು ಹೇಗೆ?

ಪ್ರಶ್ನೆ: ನೀರ್ಚಾಲಿನವ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಸಮೀಪದ ನಮ್ಮ ಅಜ್ಜನ ಮನೆಯ ಹಂಚು ಬದಲಿಸುವುದಕ್ಕಾಗಿ ಅಟ್ಟವನ್ನು ಖಾಲಿ ಮಾಡುವಾಗ, ಅಡಿಕೆಯ ಗೋಣಿಗಳ ಹಿಂದೆ ಒಂದು ಬಿಎಂಎಕ್ಸ್ ಸೈಕಲ್ (ಮಣ್ಣಿನ ದಿಬ್ಬಗಳ ಮೇಲೆ ಓಡಿಸಿ ಹಾರಿಸುವ ಚಿಕ್ಕ ಚಕ್ರದ ಸೈಕಲ್) ಸಿಕ್ಕಿತು. ಬಹರೈನಿನಲ್ಲಿ ಉದ್ಯೋಗದಲ್ಲಿದ್ದ ಸೋದರಮಾವ ಅದನ್ನು ಎಂಬತ್ತರ ದಶಕದಲ್ಲಿ ತಂದರೆಂಬುದಷ್ಟೇ ಮನೆಯವರ ನೆನಪಿನಲ್ಲಿದೆ. ಫ್ರೇಮು ಕ್ರೋಮಿನದು, ಅಲ್ಲಲ್ಲಿ ತುಕ್ಕು ಹಿಡಿದಿದೆ, ಸ್ಟಿಕ್ಕರುಗಳು ಉದುರಿಹೋಗಿವೆ, ಚಕ್ರಗಳಿಗೆ ಕಡ್ಡಿಗಳಿಲ್ಲ, ಐದು ದಪ್ಪ ತೋಳುಗಳಿರುವ ಬಿಳಿಯ ಪ್ಲಾಸ್ಟಿಕ್ ಚಕ್ರಗಳಿವೆ. ಇದು ಇ.ಟಿ. ಚಲನಚಿತ್ರದ ಹುಡುಗರು ಓಡಿಸಿದ ಸೈಕಲ್ಲೇ ಎಂದು ಪರಿಚಿತರೊಬ್ಬರು ಪಟ್ಟು ಹಿಡಿದಿದ್ದಾರೆ. ಇದರ ಕಾಲವನ್ನು ನಿರ್ಣಯಿಸುವ ಬಗೆ ಯಾವುದು, ಮತ್ತು ಹೊಸದಾಗಿ ಬಣ್ಣ ಹೊಡೆಸಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಹೊಸೂರು ಸವಾರ

ಬಣ್ಣದ ಮಾತನ್ನು ಸದ್ಯಕ್ಕೆ ಬಿಟ್ಟುಬಿಡಿ. 1982ರ ಆ ಚಿತ್ರಕ್ಕೆ ಸೈಕಲ್ ಒದಗಿಸಿದ್ದು ಜಪಾನಿನ ಒಸಾಕಾದ ಕುವಾಹಾರಾ ಕಂಪನಿ ಎಂಬುದು ನಿಜ. ಆದರೆ ಕ್ರೋಮ್ ಫ್ರೇಮು ಹತ್ತಾರು ಕಂಪನಿಗಳದ್ದಿತ್ತು, ಪ್ಲಾಸ್ಟಿಕ್ ಚಕ್ರವಂತೂ ಯಾವ ಸೈಕಲ್ಲಿಗೂ ಹಾಕಿಸಿಕೊಳ್ಳಬಹುದಾದ ಬಿಡಿಭಾಗವಾಗಿತ್ತು. ಹಾಗಾಗಿ ಕೇಳಿದ ಕಥೆಯನ್ನೂ ಸ್ಟಿಕ್ಕರಿನ ಗುರುತನ್ನೂ ನೆಚ್ಚದೆ, ಒಂದೊಂದು ಭಾಗವನ್ನೂ ಬೇರೆಯಾಗಿ ಓದಬೇಕು. ಬಿಎಂಎಕ್ಸ್ ಓಟವೆಂಬ ಈ ಕ್ರೀಡೆಯ ಆರಂಭದ ಇತಿಹಾಸ ಗೊತ್ತಿದ್ದರೆ ಆ ಓದು ಬಹಳ ಸುಲಭವಾಗುತ್ತದೆ.

ಶಿಕಾಗೋದ ಶ್ವಿನ್ ಕಂಪನಿಯು ಅಲ್ ಫ್ರಿಟ್ಜ್ ಅವರ ಕಲ್ಪನೆಯಂತೆ 1963ರಲ್ಲಿ ಸ್ಟಿಂಗ್-ರೇ ಎಂಬ, 20 ಇಂಚು ಚಕ್ರದ, ಎತ್ತರದ ಹ್ಯಾಂಡಲ್ಲಿನ ಮಕ್ಕಳ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಕ್ಯಾಲಿಫೋರ್ನಿಯಾದ ಹುಡುಗರು ಅದನ್ನೇ ಮಣ್ಣಿನ ದಿಬ್ಬಗಳ ಮೇಲೆ ಹಾರಿಸುತ್ತ ಮೋಟೋಕ್ರಾಸ್ ಎಂಬ ಮಣ್ಣಿನ ಹಾದಿಯ ಮೋಟಾರ್‌ಸೈಕಲ್ ಓಟದ ಸವಾರರನ್ನು ಅನುಕರಿಸತೊಡಗಿದರು. 1969ರಲ್ಲಿ ಲಾಸ್ ಏಂಜಲೀಸಿನ ಪಾಮ್ಸ್ ಪಾರ್ಕಿನಲ್ಲಿ ರಾನ್ ಮ್ಯಾಕ್ಲರ್ ಅವರ ಮೇಲ್ವಿಚಾರಣೆಯಲ್ಲಿ ಓಟಗಳು ನಡೆದವು. ಮರುವರ್ಷ ಲಾಂಗ್ ಬೀಚಿನಲ್ಲಿ ಸ್ಕಾಟ್ ಬ್ರೈಟ್‌ಹಾಪ್ಟ್ ಎಂಬ 13 ವರ್ಷದ ಹುಡುಗ ತಾನೇ ಓಟಗಳನ್ನು ಏರ್ಪಡಿಸಿದ. ದೊಡ್ಡವರ ಸಂಘಗಳು ಹುಟ್ಟಿದ್ದು ಆಮೇಲೆ. ಒಂದು ಕ್ರೀಡೆಯ ನಿಯಮಗಳನ್ನು ಶಾಲೆಯ ಹುಡುಗನೊಬ್ಬ ಬರೆಯತೊಡಗಿದ ಈ ಸಂಗತಿಯು ನನಗೆ ಇಡೀ ಇತಿಹಾಸದಲ್ಲೇ ಅತ್ಯಂತ ಪ್ರಿಯವಾದದ್ದು.

ಮಕ್ಕಳು ಬೀದಿಯಲ್ಲಿ ಓಡಿಸಲೆಂದು ಮಾಡಿದ ಸೈಕಲ್ಲು ಹಾರಾಟದ ಪೆಟ್ಟನ್ನು ತಡೆಯಲಿಲ್ಲ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕುಗಳು ಬಾಗಿದವು, ಹ್ಯಾಂಡಲ್ಲಿನ ಕೊಳವೆಯ ಬಳಿ ಫ್ರೇಮು ಬಿರುಕುಬಿಟ್ಟಿತು, ಕಡ್ಡಿಗಳ ಚಕ್ರಗಳು ಸೊಟ್ಟಗಾದವು. ಅನಂತರದ ಪ್ರತಿಯೊಂದು ಸುಧಾರಣೆಯೂ ಈ ಮೂರು ದೋಷಗಳಲ್ಲಿ ಒಂದಕ್ಕೆ ಕೊಟ್ಟ ಪರಿಹಾರವೇ ಆಗಿದೆ. ಮೋಟಾರ್‌ಸೈಕಲ್ ಫ್ರೇಮುಗಳನ್ನು ಬೆಸೆಯುತ್ತಿದ್ದ ರೆಡ್‌ಲೈನ್ ಕಂಪನಿಯ ಲಿನ್ ಕ್ಯಾಸ್ಟನ್, ಕ್ರೋಮೋಲಿ ಎಂಬ ಗಟ್ಟಿ ಉಕ್ಕಿನ ಕೊಳವೆಗಳಿಂದ 1974ರ ಹೊತ್ತಿಗೆ ಫೋರ್ಕುಗಳನ್ನು ತಯಾರಿಸಿದರು. ಅದೇ ಸುಮಾರಿಗೆ ಸ್ಕಿಪ್ ಹೆಸ್, ಲೋಹದ ಎರಕದ ಮೋಟೋಮ್ಯಾಗ್ ಚಕ್ರವನ್ನು ಹೊರತಂದರು. ಅವರ ಸಂಸ್ಥೆಯೇ ಮುಂದೆ ಮಂಗೂಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ನಿಮ್ಮಲ್ಲಿರುವಂತಹ ಐದು ತೋಳಿನ ನೈಲಾನ್ ಚಕ್ರವನ್ನು ಜನಪ್ರಿಯಗೊಳಿಸಿದ್ದು ಕ್ಯಾಲಿಫೋರ್ನಿಯಾದ ಸ್ಕೈವೇ ಕಂಪನಿ. ಅದನ್ನು ನಕಲು ಮಾಡಿದವರು ಅನೇಕರಾದುದರಿಂದ, ತೋಳಿನ ಮೇಲೆ ಎರಕದಲ್ಲೇ ಮೂಡಿದ ಅಕ್ಷರಗಳಿವೆಯೇ ಎಂದು ನೋಡಿ. ಯಮಾಹಾ ಕಂಪನಿಯು ಎರಡೂ ಚಕ್ರಗಳಿಗೆ ಸಸ್ಪೆನ್ಶನ್ ಕೊಟ್ಟ ಸೈಕಲ್ಲನ್ನೂ ಆಗ ಮಾರಿತು, ಆದರೆ ಭಾರದಿಂದಾಗಿ ಅದು ಓಟದ ಕಣದಲ್ಲಿ ಬಹುಕಾಲ ನಿಲ್ಲಲಿಲ್ಲ.

ಈಗ ಕೆಲಸಕ್ಕೆ ಬರೋಣ. ಸೈಕಲ್ಲನ್ನು ತಲೆಕೆಳಗಾಗಿಸಿ ಪೆಡಲಿನ ಅಚ್ಚು ಹಾಯುವ ದಪ್ಪ ಕೊಳವೆಯ ತಳದಲ್ಲಿ, ಇಲ್ಲವಾದರೆ ಹಿಂದಿನ ಚಕ್ರದ ನಟ್ಟು ಕೂರುವ ತಟ್ಟೆಯಲ್ಲಿ, ಕೊರೆದ ಸಂಖ್ಯೆಯನ್ನು ಹುಡುಕಿರಿ. ಸೀಟಿನ ಕಂಬವನ್ನು ಹೊರತೆಗೆದು ಕೊಳವೆಯೊಳಗೆ ಟಾರ್ಚ್ ಹಾಯಿಸಿರಿ: ಉದ್ದಕ್ಕೂ ಬೆಸುಗೆಯ ಏಣು ಕಂಡರೆ ಸಾಮಾನ್ಯ ಉಕ್ಕು, ನಯವಾಗಿದ್ದರೆ ಕ್ರೋಮೋಲಿಯಾಗಿರುವ ಸಾಧ್ಯತೆ ಹೆಚ್ಚು. ಶಿಮಾನೋ ಕಂಪನಿಯ ಬ್ರೇಕೋ ಚಕ್ರದ ನಡುವಿನ ಹಬ್ಬೋ ಇದ್ದರೆ ಅದರ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳ ಗುರುತಿರಬಹುದು. ಮೊದಲನೆಯದು ವರ್ಷವನ್ನು, ಎರಡನೆಯದು ತಿಂಗಳನ್ನು ಸೂಚಿಸುತ್ತದೆ. ಎ ಎಂದರೆ 1976, ಬಿ ಎಂದರೆ 1977, ಹೀಗೆ ಮುಂದುವರಿಯುತ್ತದೆ.

ಉತ್ತರ: ಕುಂಬಳೆ ಕರಾವಳಿ

ಹೊಸೂರಿನವರ ವಿವರಣೆಗೆ ಎರಡು ಮಾತು ಸೇರಿಸುತ್ತೇನೆ. ಈ ಬಗೆಯ ಓಟವು ಅಮೆರಿಕದಲ್ಲೇ ಮೊದಲು ಹುಟ್ಟಿತೆಂಬುದನ್ನು ಸ್ವಲ್ಪ ಎಚ್ಚರಿಕೆಯಿಂದ ಹೇಳಬೇಕು, ಏಕೆಂದರೆ ಎರಡನೆಯ ಮಹಾಯುದ್ಧದ ಬಳಿಕ ಬ್ರಿಟನ್ನಿನ ಹುಡುಗರು ಬಾಂಬುಬಿದ್ದ ಖಾಲಿ ಜಾಗಗಳಲ್ಲಿ ಸೈಕಲ್ ಸ್ಪೀಡ್‌ವೇ ಓಟಗಳನ್ನು ನಡೆಸುತ್ತಿದ್ದರು. ಆದರೆ ಅಲ್ಲಿನ ಕಣವು ಸಮತಟ್ಟಾಗಿತ್ತು. ದಿಬ್ಬ, ಹಾರಾಟ, 20 ಇಂಚಿನ ಚಕ್ರ ಇವು ಕ್ಯಾಲಿಫೋರ್ನಿಯಾದ ಕೊಡುಗೆಯೇ.

ಇನ್ನು ನಮ್ಮ ಊರಿನ ಹವೆಯ ವಿಚಾರ. ಅಟ್ಟದಲ್ಲಿ ಇಷ್ಟು ಮಳೆಗಾಲಗಳನ್ನು ಕಳೆದ ಸೈಕಲ್ಲಿಗೆ ಹೊರಗಿನ ತುಕ್ಕಿಗಿಂತ ಕೊಳವೆಯ ಒಳಗಿನ ತುಕ್ಕು ಹೆಚ್ಚು ಅಪಾಯಕಾರಿ. ಕ್ರೋಮಿನ ಮೇಲೆ ಉಪ್ಪುಕಾಗದ ಉಜ್ಜಬೇಡಿ. ಅಲ್ಯುಮಿನಿಯಂ ಹಾಳೆಯನ್ನು ಮುದುಡಿ ನೀರಿನಲ್ಲಿ ಅದ್ದಿ ಮೃದುವಾಗಿ ಉಜ್ಜಿದರೆ ಮೇಲ್ಪದರದ ತುಕ್ಕು ಬಹುಮಟ್ಟಿಗೆ ಹೋಗುತ್ತದೆ. ಬಳಿಕ ಒಣಗಿಸಿ ಹೊಲಿಗೆಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿರಿ. ತೆಂಗಿನೆಣ್ಣೆ ಬೇಡ, ಅದು ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನು ಹಿಡಿಯುತ್ತದೆ. ನನ್ನ ಪರಿಚಯದ ಒಬ್ಬರು ಪೈಂಟ್ ಅಂಗಡಿಗೆ ಕೊಟ್ಟ ಫ್ರೇಮು ಹೊಳೆಯುತ್ತ ಹಿಂದಿರುಗಿತು, ಆದರೆ ಕೊರೆದಿದ್ದ ಸಂಖ್ಯೆಯನ್ನು ಅಂಗಡಿಯವರು ಪುಟ್ಟಿ ತುಂಬಿ ಮುಚ್ಚಿಬಿಟ್ಟಿದ್ದರು. ಸಂಗ್ರಾಹಕರು ಮೂಲ ಲೇಪನಕ್ಕೆ, ಅದು ಮಾಸಿದ್ದರೂ, ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆ ಕೊಡುತ್ತಾರೆ.

ನೀರ್ಚಾಲಿನವ

ಇಬ್ಬರಿಗೂ ಕೃತಜ್ಞತೆಗಳು. ಹಿಂದಿನ ಬ್ರೇಕಿನ ತೋಳಿನ ಒಳಮಗ್ಗುಲಲ್ಲಿ ಶಿಮಾನೋ ಹೆಸರಿನೊಡನೆ ಎಚ್ ಮತ್ತು ಸಿ ಅಕ್ಷರಗಳಿವೆ. ಸೀಟಿನ ಕೊಳವೆಯೊಳಗೆ ಏಣು ಸ್ಪಷ್ಟವಾಗಿ ಕಾಣುತ್ತದೆ. ಹ್ಯಾಂಡಲ್ ಕೂರುವ ಕಂಬವೂ ಪೆಡಲುಗಳೂ ಹಾಳಾಗಿವೆ. ಇಲ್ಲಿನ ಅಂಗಡಿಯ ಮಾಲು ಹೊಂದುವುದೇ?

ಉತ್ತರ: ಹೊಸೂರು ಸವಾರ

ಹಾಗಾದರೆ ಆ ಬ್ರೇಕು 1983ರ ಮಾರ್ಚಿನದು. ಬ್ರೇಕು ಬದಲಾಗಿಲ್ಲವಾದರೆ ಸೈಕಲ್ಲು ಜೋಡಣೆಯಾದದ್ದು ಅದಕ್ಕಿಂತ ಹಿಂದೆ ಇರಲಾರದು, ಎಂದರೆ ಇ.ಟಿ. ಚಿತ್ರ ಬಂದ ಮೇಲೆ. ಏಣು ಇರುವುದರಿಂದ ಅದು ಓಟಗಾರರ ದುಬಾರಿ ಮಾದರಿಯಲ್ಲ, ಅಮೆರಿಕದ ಡೇಟನ್ನಿನಲ್ಲಿ 1982ರಲ್ಲಿ ಮೊದಲ ಬಿಎಂಎಕ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆದ ಆಸುಪಾಸಿನ ಉತ್ಸಾಹದಲ್ಲಿ ಮಕ್ಕಳಿಗೆಂದು ಮಾರಿದ ಸಾಧಾರಣ ಮಾದರಿ. ಇದರಿಂದ ಅದರ ಆಸಕ್ತಿ ಕುಂದುವುದಿಲ್ಲ; ಇಂಥವನ್ನು ಮಕ್ಕಳು ಓಡಿಸಿ ಮುರಿದುಹಾಕಿದ್ದರಿಂದ ಪೂರ್ಣವಾಗಿ ಉಳಿದವು ಕಡಿಮೆ.

ಹ್ಯಾಂಡಲ್ ಕಂಬವನ್ನು ಅಳೆಯದೆ ಕೊಳ್ಳಬೇಡಿ. ಹಳೆಯ ಬಿಎಂಎಕ್ಸ್ ಫೋರ್ಕಿಗೆ ಹೆಚ್ಚಾಗಿ 21.1 ಮಿಲಿಮೀಟರಿನದು ಬೇಕು, ಸಾಮಾನ್ಯ ಸೈಕಲ್ಲಿನದು 22.2 ಮಿಲಿಮೀಟರ್ ಇರುತ್ತದೆ. ಬಡಿದು ಕೂರಿಸಿದರೆ ಫೋರ್ಕು ಸೀಳುತ್ತದೆ. ಪೆಡಲಿನ ಎರಡೂ ತೋಳುಗಳು ಒಂದೇ ಬಾಗಿದ ಸರಳಿನಿಂದ ಮಾಡಿದವಾಗಿದ್ದರೆ ಅರ್ಧ ಇಂಚಿನ ತಿರುಪಿನ ಪೆಡಲ್ ಕೇಳಿರಿ. ಟೈರಿನ ಮಗ್ಗುಲಲ್ಲಿ 406 ಎಂಬ ಸಂಖ್ಯೆ ಇರಬೇಕು; 20 ಇಂಚು ಎಂದೇ ಮಾರುವ 451ರ ಟೈರು ಈ ಚಕ್ರಕ್ಕೆ ಕೂರುವುದಿಲ್ಲ. ಕಂಪನಿಯ ಹೆಸರಿಗಾಗಿ ಮಾವನವರ ಬಹರೈನಿನ ಕಾಲದ ಆಲ್ಬಮ್ ತರಿಸಿ ನೋಡಿ, ಸೈಕಲ್ಲಿನೊಂದಿಗೆ ತೆಗೆದ ಬಣ್ಣದ ಫೋಟೋ ಒಂದಿದ್ದರೂ ಉದುರಿದ ಸ್ಟಿಕ್ಕರುಗಳ ವಿನ್ಯಾಸ ತಿಳಿಯುತ್ತದೆ.