ಬಸುರಿ ಹೊಟ್ಟೆ ಪಕ್ಕ ಫೋನ್ ಇಟ್ಟುಕೊಂಡರೆ ಮಗುವಿಗೆ ತೊಂದರೆ ಆಗುತ್ತಾ?

ಪ್ರಶ್ನೆ: ತೀರ್ಥಹಳ್ಳಿ ಮಗಳು

ನನಗೀಗ ಆರು ತಿಂಗಳು. ಬೆಂಗಳೂರಿನಿಂದ ತವರಿಗೆ ಬಂದಿದ್ದೇನೆ, ಆಫೀಸ್ ಕೆಲಸ ಇಲ್ಲಿಂದಲೇ. ನಡುಮನೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ಮಂಚಕ್ಕೆ ಒರಗಿ, ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟು, ಹಾಟ್‌ಸ್ಪಾಟ್ ಹಾಕಿದ ಫೋನನ್ನು ಹೊಟ್ಟೆ ಪಕ್ಕ ಇಟ್ಟುಕೊಂಡು ಕೂರುತ್ತೇನೆ. ಮೊನ್ನೆ ಫೋನ್ ಚೆನ್ನಾಗಿ ಬಿಸಿಯಾಗಿತ್ತು. ಅದೇ ಹೊತ್ತಿಗೆ ಮಗು ಜೋರಾಗಿ ಒದೆಯಿತು. ಜೀವ ಬಾಯಿಗೆ ಬಂದ ಹಾಗಾಯಿತು.

ಹೋದ ವರ್ಷ ಮೂರು ತಿಂಗಳಿಗೇ ಒಂದು ಬಸುರು ಇಳಿದುಹೋಯಿತು. "ಹಗಲೂ ರಾತ್ರಿ ಫೋನ್ ಹಿಡಿದಿದ್ದಕ್ಕೇ ಹಾಗಾಯ್ತು" ಎಂದು ಚಿಕ್ಕಮ್ಮ ಈಗ ಹೇಳುತ್ತಿದ್ದಾರೆ. ರೇಡಿಯೇಷನ್ ತಡೆಯುತ್ತದೆ ಅಂತ 600 ರೂಪಾಯಿ ಕೊಟ್ಟು ಸ್ಟಿಕರ್ ಅಂಟಿಸಿದ್ದೇನೆ. ಆದರೂ ನಿದ್ದೆ ಬರುತ್ತಿಲ್ಲ. ನಾನು ತಪ್ಪು ಮಾಡಿದೆನಾ?

ಉತ್ತರ: ಎರಡು ಮಕ್ಕಳ ಅಮ್ಮ

ಮೊದಲು ಚಿಕ್ಕಮ್ಮನ ಮಾತು ಮನಸ್ಸಿನಿಂದ ತೆಗೆದುಬಿಡಿ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸುರು ಹೆಚ್ಚಾಗಿ ಭ್ರೂಣದ ಕ್ರೋಮೋಸೋಮ್‌ನಲ್ಲೇ ಏರುಪೇರಾಗಿ ಹೋಗುವುದು. ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ. ನನಗೂ ಒಮ್ಮೆ ಹಾಗೇ ಆಗಿತ್ತು.

ಉತ್ತರ: ಟವರ್ ಕೆಲಸದವಳು

ನಾನು ಊರೂರು ತಿರುಗಿ ಮೊಬೈಲ್ ಸಿಗ್ನಲ್ ಅಳೆಯುವವಳು. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ಏಳು ತಿಂಗಳವರೆಗೂ ಇದೇ ಕೆಲಸ ಮಾಡಿದ್ದೇನೆ. ನಿಮಗಿದ್ದ ಭಯ ನನಗೂ ಇತ್ತು. ಅದಕ್ಕೇ ಕೂತು ಓದಿಕೊಂಡೆ.

ಎಕ್ಸ್‌ರೇಗೂ ರೇಡಿಯೇಷನ್ ಅಂತಾರೆ, ಫೋನ್ ಅಲೆಗೂ ರೇಡಿಯೇಷನ್ ಅಂತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ಎಕ್ಸ್‌ರೇಗೆ ಡಿಎನ್‌ಎ ಕಡಿಯುವ ಶಕ್ತಿ ಇದೆ. ಫೋನ್ ಅಲೆಗೆ ಇಲ್ಲ, ಅದು ಮೈಯನ್ನು ಒಂಚೂರು ಬೆಚ್ಚಗೆ ಮಾಡಬಹುದು ಅಷ್ಟೆ. ಅದಕ್ಕೂ ಮಿತಿ ಇದೆ. 2012ರ ಸೆಪ್ಟೆಂಬರ್‌ನಿಂದ ನಮ್ಮ ದೇಶದಲ್ಲಿ ಎಸ್‌ಎಆರ್ (ಫೋನ್ ಅಲೆಯಿಂದ ಮೈ ಹೀರಿಕೊಳ್ಳುವ ಶಕ್ತಿಯ ಅಳತೆ) ಪ್ರತಿ ಕೆಜಿಗೆ 1.6 ವ್ಯಾಟ್ ದಾಟುವಂತಿಲ್ಲ. *#07# ಒತ್ತಿದರೆ ತುಂಬಾ ಫೋನ್‌ಗಳಲ್ಲಿ ಆ ಲೆಕ್ಕ ಕಾಣಿಸುತ್ತದೆ. ನಿಮ್ಮ ಕೈಗೆ ತಾಗಿದ ಬಿಸಿ ಹೆಚ್ಚಿನಂಶ ಬ್ಯಾಟರಿದು, ಒಳಗಿನ ಚಿಪ್‌ದು. ಹಾಟ್‌ಸ್ಪಾಟ್ ಹಾಕಿದರೆ ಫೋನ್ ಕಾಯುತ್ತದೆ. ಇನ್ನು ಒದೆತ! ಆರು ತಿಂಗಳ ಮಗು ಒದೆಯಲೇಬೇಕು ಅಲ್ವಾ?

ಅಧ್ಯಯನಗಳಾಗಿಲ್ಲ ಎಂದಲ್ಲ. ಬಸುರಿದ್ದಾಗ ಫೋನ್ ಬಳಸಿದವರ ಮಕ್ಕಳಲ್ಲಿ ಚಂಚಲತೆ ಜಾಸ್ತಿ ಎಂದು 2008ರಲ್ಲಿ ಡೆನ್ಮಾರ್ಕ್‌ನಿಂದ ಒಂದು ವರದಿ ಬಂತು. ನಾನು ಬೆಚ್ಚಿದ್ದು ಅದನ್ನು ಓದಿಯೇ. ಆಮೇಲೆ ಗೊತ್ತಾಯಿತು, ಆ ಅಮ್ಮಂದಿರನ್ನು ಕೇಳಿದ್ದು ಮಕ್ಕಳಿಗೆ ಏಳು ವರ್ಷವಾದ ಮೇಲೆ. ಏಳು ವರ್ಷದ ಹಿಂದೆ ದಿನಕ್ಕೆ ಎಷ್ಟು ಸಲ ಮಾತಾಡಿದೆ ಅಂತ ಯಾರಿಗೆ ನೆನಪಿರುತ್ತದೆ? ನಾರ್ವೆಯಲ್ಲಿ ಬಸುರಿದ್ದಾಗಲೇ ಕೇಳಿ ಬರೆದುಕೊಂಡರು. ಸುಮಾರು 45 ಸಾವಿರ ಮಕ್ಕಳನ್ನು ನೋಡಿ, ಮಾತಿಗಾಗಲಿ ಕೈಕಾಲಿನ ಚಲನೆಗಾಗಲಿ ಹಾನಿ ಕಾಣಲಿಲ್ಲ ಎಂದು 2017ರಲ್ಲಿ ಬರೆದರು. ನಾನು ನಂಬುವುದು ಇದನ್ನು.

ಆದರೆ ನಿಮ್ಮ ಒಂದು ಕಡ್ಡಿ ಸಿಗ್ನಲ್ ಇದೆಯಲ್ಲ, ಅದನ್ನು ಸರಿಮಾಡಿ. ಟವರ್ ದೂರವಿದ್ದಷ್ಟೂ ಫೋನ್ ಹೆಚ್ಚು ಶಕ್ತಿ ಹಾಕಿ ಕೂಗಬೇಕು, ತೋಟದ ಆಚೆ ಇರುವವರನ್ನು ನಾವು ಕರೆಯುವ ಹಾಗೆ. ಸ್ಟಿಕರ್ ನಿಜಕ್ಕೂ ಅಲೆಯನ್ನು ತಡೆದರೆ ಫೋನ್ ಇನ್ನೂ ಜೋರಾಗಿ ಕೂಗುತ್ತದೆ. ತಡೆಯದಿದ್ದರೆ 600 ರೂಪಾಯಿ ಸುಮ್ನೆ ಹೋಯಿತು. ಕಿತ್ತುಹಾಕಿ. ಸಿಗ್ನಲ್ ಚೆನ್ನಾಗಿರುವ ಕಡೆ ಫೋನ್ ಇಡಿ, ನೀವು ಆಚೆ ಕೂತು ಕೆಲಸ ಮಾಡಿ. ಒಂದು ಮಾರು ದೂರವಾದರೂ ಸಾಕು, ಅಲೆಯ ಬಲ ತುಂಬಾ ಇಳಿದುಬಿಡುತ್ತದೆ.

ಒದೆತ ಕಡಿಮೆಯಾಯಿತು ಅನಿಸಿದರೆ ಮಾತ್ರ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ತೀರ್ಥಹಳ್ಳಿ ಮಗಳು

ಓದುತ್ತಾ ಅತ್ತುಬಿಟ್ಟೆ. ಅಮ್ಮನಿಗೂ ಗಟ್ಟಿಯಾಗಿ ಓದಿ ಹೇಳಿದೆ. ಸ್ಟಿಕರ್ ಕಿತ್ತೆ, ಅಂಟು ಇನ್ನೂ ಫೋನ್ ಹಿಂದೆ ಇದೆ. ಜಗಲಿ ಕಿಟಕಿಯಲ್ಲಿ ಮೂರು ಕಡ್ಡಿ ಬರುತ್ತದೆ, ಫೋನ್ ಈಗ ಅಲ್ಲೇ. ಅಪ್ಪ ಅಡಿಕೆ ಸುಲಿಯುವ ಜಾಗದಿಂದ ಮೇಜು ತಂದು ಹಾಕಿಕೊಟ್ಟಿದ್ದಾರೆ, ಲ್ಯಾಪ್‌ಟಾಪ್ ಅದರ ಮೇಲೆ. ಇದನ್ನು ಬರೆಯುವಾಗಲೂ ಮಗು ಒದೆಯುತ್ತಿದೆ.